ಪುಲಿಗೆರೆಯ ಆಚಾರವ್ಯವಸ್ಥೆ

ಮನುಷ್ಯರು ಕೂಡಿ ಬಾಳುವೆಡೆಯಲ್ಲೆಲ್ಲ ಕಲಹವುಂಟು. ಅಣ್ಣತಮ್ಮಂದಿರಿಗೆ ಹೊಲದ ಬದುವಿನ ಜಗಳ, ಎರಡು ಊರುಗಳಿಗೆ ಕೆರೆಯ ನೀರಿನ ಜಗಳ, ಎರಡು ಮತದವರಿಗೆ ಉತ್ಸವದ ಬೀದಿಯ ಜಗಳ, ಎರಡು ರಾಜ್ಯಗಳಿಗೆ ಗಡಿಯ ಜಗಳ. ಕಲಹವೇ ಇಲ್ಲದಿದ್ದ ಕಾಲವೊಂದನ್ನು ಚರಿತ್ರೆಯು ಅರಿಯದು. ಆದುದರಿಂದ ಚರಿತ್ರೆಯನ್ನು ಓದುವವರು ಜನರು ಏಕೆ ಜಗಳವಾಡಿದರು ಎಂದು ಕೇಳಿದರೆ ಸಾಲದು. ಜಗಳ ಹುಟ್ಟಿದ ಮೇಲೆ ಅದನ್ನು ಯಾವ ಬಗೆಯಲ್ಲಿ ತೀರಿಸಿಕೊಂಡರು, ಆ ತೀರ್ಮಾನವು ಎಷ್ಟು ಕಾಲ ನಿಂತಿತು ಎಂಬುದನ್ನೂ ಕೇಳಬೇಕು. ಯುದ್ಧಗಳ ತೇದಿಗಳು ನಮ್ಮ ಬಾಯಲ್ಲಿವೆ. ಒಪ್ಪಂದಗಳ ತೇದಿಗಳನ್ನು ಬಲ್ಲವರು ವಿರಳ.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ನಾಲ್ಕು ಊರುಗಳ ಸೀಮೆಯೇ ಸಾಕು. ನಡುವೆ ಕಪ್ಪತಗುಡ್ಡದ ಸಾಲು, ದಕ್ಷಿಣಕ್ಕೆ ತುಂಗಭದ್ರೆ, ಸುತ್ತಲೂ ಎರೆಯ ಹೊಲಗಳು. 1997ರಿಂದ ಈ ನಾಲ್ಕೂ ಗದಗ ಜಿಲ್ಲೆಯೊಳಗಿವೆ. ಆದರೆ 1948ಕ್ಕೆ ಮೊದಲು ಇವು ಮೂರು ಆಳಿಕೆಗಳಿಗೆ ಹಂಚಿಹೋಗಿದ್ದುವು. ಗದಗ-ಬೆಟಗೇರಿಯೂ ಮುಂಡರಗಿಯೂ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ್ದು. ಶಿರಹಟ್ಟಿಯು ಸಾಂಗಲಿ ಸಂಸ್ಥಾನದ್ದು. ಮುಂಡರಗಿಯಿಂದ ಮೂಡಲಿಗೆ ಸ್ವಲ್ಪ ದೂರ ನಡೆದರೆ ನಿಜಾಮರ ಹೈದರಾಬಾದಿನ ಗಡಿ. ಇಷ್ಟು ಚಿಕ್ಕ ಸೀಮೆಯಲ್ಲಿ ಇಷ್ಟು ಗಡಿಗಳಿರುವಾಗ, ಕಲಹವನ್ನು ಅಂಕೆಯಲ್ಲಿಡುವ ವಿದ್ಯೆಯನ್ನು ಇಲ್ಲಿಯ ಜನ ಕಲಿಯದೆ ಗತ್ಯಂತರವಿರಲಿಲ್ಲ. ಅವರು ಅದನ್ನು ಎಲ್ಲಿ ಚೆನ್ನಾಗಿ ಕಲಿತರು, ಅದು ಎಲ್ಲಿ ಮುರಿದುಬಿತ್ತು ಎಂಬುದನ್ನು ಈ ಭಾಷಣದಲ್ಲಿ ವಿಚಾರಿಸೋಣ.

ಮೊದಲು ಲಕ್ಷ್ಮೇಶ್ವರ. ಇದರ ಹಳೆಯ ಹೆಸರು ಪುಲಿಗೆರೆ. ಶಾಸನಗಳಲ್ಲಿ ಪೊರಿಗೆರೆ, ಪುರಿಗೆರೆ ಎಂದೂ ಬರುವುದು. ತಿರುಳ್ಗನ್ನಡದ ನಾಡೆಂದು ಕವಿರಾಜಮಾರ್ಗವು ಎಣಿಸಿದ ನಾಲ್ಕು ಎಡೆಗಳಲ್ಲಿ ಇದೂ ಒಂದು. ಆದಿಕವಿ ಪಂಪನು ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡನು. ಸಾಹಿತ್ಯಪ್ರಿಯರು ಪುಲಿಗೆರೆಯನ್ನು ಈ ಕಾರಣಕ್ಕಾಗಿ ಸ್ಮರಿಸುವುದುಂಟು. ಆದರೆ ಆ ಊರಿನ ಇನ್ನೊಂದು ಕೀರ್ತಿಯು ಅಷ್ಟಾಗಿ ಪ್ರಸಿದ್ಧವಾಗಿಲ್ಲ. ಬಾದಾಮಿಯ ಚಾಲುಕ್ಯ ವಿಜಯಾದಿತ್ಯನು ಆಳುತ್ತಿದ್ದಾಗ, ಸುಮಾರು 725ರಲ್ಲಿ, ಅವನ ಮಗನಾದ ಯುವರಾಜ ವಿಕ್ರಮಾದಿತ್ಯನು ಈ ಊರಿನ ಮಹಾಜನರಿಗೂ ನಗರದ ವರ್ತಕರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು ಲೇಖವನ್ನು ಕಲ್ಲಿನಲ್ಲಿ ಬರೆಯಿಸಿ ಕೊಟ್ಟನು. ಹದಿನೆಂಟು ಪ್ರಕೃತಿಗಳೆಂದರೆ ಊರಿನ ನಾನಾ ಕಸುಬಿನ ಜನವರ್ಗಗಳು. ಆ ಲೇಖಕ್ಕೆ ಅದರಲ್ಲಿಯೇ ಇರುವ ಹೆಸರು ಆಚಾರವ್ಯವಸ್ಥೆ.

ಶಾಸನವೆಂದರೆ ಸಾಮಾನ್ಯವಾಗಿ ದಾನಶಾಸನ, ಇಲ್ಲವೆ ಕಾದಿ ಮಡಿದವನ ವೀರಗಲ್ಲು. ಇದು ಅವೆರಡೂ ಅಲ್ಲ. ರಾಜಪುರುಷರು ಊರವರಿಗೆ ಏನನ್ನು ಮಾಡಬೇಕು, ಊರವರು ಅರಮನೆಗೂ ತಮ್ಮ ಸಂಘಗಳಿಗೂ ಏನನ್ನು ಸಲ್ಲಿಸಬೇಕು ಎಂಬ ಪರಸ್ಪರ ಕಟ್ಟಳೆ ಇದರಲ್ಲಿದೆ. ರಾಜಪುರುಷರು ಕಾಪಾಡಬೇಕಾದವುಗಳ ಪಟ್ಟಿಯನ್ನು ನೋಡಿರಿ. ಒಕ್ಕಲಿಲ್ಲದೆ ಬರಿದಾದ ಮನೆಗಳು, ಅರಸನು ಕೊಟ್ಟ ದತ್ತಿ, ಅರಸನು ಸಾರಿಸಿದ ಮಾತು, ಸತ್ಪುರುಷರ ಪ್ರಮಾಣ, ನಡೆದುಬಂದ ಮರ್ಯಾದೆ, ತಾಮ್ರಶಾಸನ, ಬಹುಕಾಲದಿಂದ ಅನುಭವಿಸುತ್ತ ಬಂದ ಭುಕ್ತಿ. ಇವುಗಳಲ್ಲಿ ಒಂದೊಂದೂ ಒಂದೊಂದು ಜಗಳದ ಬೀಜವೆಂಬುದು ಸ್ವಲ್ಪ ಯೋಚಿಸಿದರೆ ತಿಳಿಯುವುದು. ಒಡೆಯನಿಲ್ಲದ ಮನೆಯ ಮೇಲೆ ಅಧಿಕಾರಿಯ ಕಣ್ಣು ಬೀಳುವುದು ಸಹಜ. ಹಿಂದಿನ ಅರಸು ಕೊಟ್ಟುದನ್ನು ಇಂದಿನ ಅಧಿಕಾರಿ ಕಿತ್ತುಕೊಳ್ಳುವುದೂ ಸಹಜ. ಕಾಗದಪತ್ರವಿಲ್ಲದ ಬಡವನ ಹೊಲಕ್ಕೆ, ಅವನ ಅಜ್ಜ ಮುತ್ತಜ್ಜಂದಿರು ಉತ್ತುಂಡ ಅನುಭವವೇ ಆಧಾರ. ಇಂತಹ ಎಡೆಗಳನ್ನೆಲ್ಲ ಗುರುತಿಸಿ, ಜಗಳ ಹುಟ್ಟುವ ಮೊದಲೇ ಬೇಲಿ ಕಟ್ಟಿದ್ದಾರೆ.

ಇನ್ನು ಊರವರ ಪಾಲಿನ ಕರ್ತವ್ಯ. ವೈಶಾಖ ಮಾಸದಲ್ಲಿ ಒಕ್ಕಲಿರುವ ಪ್ರತಿಯೊಂದು ಮನೆಯೂ ತೆರಬೇಕಾದ ತೆರಿಗೆಯನ್ನು ನಾಲ್ಕು ಮೆಟ್ಟಿಲುಗಳಲ್ಲಿ ಗೊತ್ತುಮಾಡಿದೆ. ಉತ್ತಮ ಸ್ಥಿತಿಯವರಿಗೆ 10 ಪಣ, ಮಧ್ಯಮರಿಗೆ 7, ಅವರಿಗಿಂತ ಕೆಳಗಿನವರಿಗೆ 5, ತೀರ ಬಡವರಿಗೆ 3. ಕಳವು ಮೊದಲಾದ ಅಪರಾಧಗಳ ದಂಡವೂ ಮಕ್ಕಳಿಲ್ಲದೆ ತೀರಿಕೊಂಡವರ ಸ್ವತ್ತೂ ಕಾರ್ತಿಕ ಮಾಸದಲ್ಲಿ ಅಲ್ಲಿಯ ಶ್ರೇಣಿಗೆ ಸಲ್ಲತಕ್ಕವು. ಮೊತ್ತ ಗೊತ್ತು, ಮಾಸ ಗೊತ್ತು, ಪಡೆಯುವವರು ಯಾರೆಂಬುದು ಗೊತ್ತು. ವಸೂಲಿಗೆ ಬಂದವನು ತನ್ನ ಮನಸ್ಸಿಗೆ ಬಂದಷ್ಟನ್ನು ಕೇಳುವಂತಿಲ್ಲ. ಕೊಡುವವನು ನಾಳೆ ನಾಡಿದ್ದು ಎಂದು ಮುಂದೂಡುವಂತಿಲ್ಲ.

ಇದನ್ನು ಇಂದಿನ ಪ್ರಜಾಪ್ರಭುತ್ವವೆಂದು ಕೊಂಡಾಡುವುದು ಸರಿಯಲ್ಲ. ಲೇಖವನ್ನು ಕೊಟ್ಟವನು ಯುವರಾಜ, ಪಡೆದವರು ಪ್ರಜೆಗಳು, ಇಬ್ಬರೂ ಸಮಾನರಾಗಿರಲಿಲ್ಲ. ಆದರೂ ಒಂದು ಮಾತು ನಿಜ. ಬಲಿಷ್ಠನಾದವನು ತನ್ನ ಕೈಯನ್ನು ತಾನೇ ಕಟ್ಟಿಕೊಂಡು, ಆ ಕಟ್ಟನ್ನು ದುರ್ಬಲನು ಓದಬಹುದಾದ ಎಡೆಯಲ್ಲಿ, ಅವನಿಗೆ ತಿಳಿಯುವ ಕನ್ನಡದಲ್ಲಿ ನಿಲ್ಲಿಸಿದ್ದಾನೆ. ಆಚಾರವ್ಯವಸ್ಥೆ ಎಂಬ ಹೆಸರೂ ಅರ್ಥಗರ್ಭಿತವಾದುದು. ಆಚಾರವೆಂದರೆ ಜನರು ತಾವಾಗಿ ನಡೆಸಿಕೊಂಡು ಬಂದ ನಡವಳಿಕೆ. ವ್ಯವಸ್ಥೆಯೆಂದರೆ ಗೊತ್ತುಮಾಡಿ ಬರೆದಿಟ್ಟ ಏರ್ಪಾಡು. ಇವೆರಡೂ ಕೂಡಿದಲ್ಲಿ ಸಮಾಧಾನವು ನಿಲ್ಲುವುದು, ಇವು ಅಗಲಿದಲ್ಲಿ ಕೆಡುವುದು ಎಂಬುದನ್ನು ಈ ಸೀಮೆಯ ಮುಂದಿನ ಚರಿತ್ರೆಯು ತೋರಿಸಿಕೊಡುತ್ತದೆ.

ಇದೇ ವಿಕ್ರಮಾದಿತ್ಯನ ಬಾಳಿನಲ್ಲಿಯೇ ಒಂದು ನಿದರ್ಶನವಿದೆ. ಚಾಲುಕ್ಯರಿಗೂ ಕಂಚಿಯ ಪಲ್ಲವರಿಗೂ ತಲೆತಲಾಂತರದ ಹಗೆತನ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದು ವಾತಾಪಿಕೊಂಡನೆನಿಸಿದನು. ಮುಂದೆ ವಿಕ್ರಮಾದಿತ್ಯನು ಪಟ್ಟವೇರಿ ಪಲ್ಲವರನ್ನು ಸೋಲಿಸಿ ಕಂಚಿಯನ್ನು ಹೊಕ್ಕಾಗ, ಸೇಡು ತೀರಿಸಿಕೊಳ್ಳಲು ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅವನು ನಗರವನ್ನು ಕೆಡಿಸಲಿಲ್ಲ. ಇಂದು ಕೈಲಾಸನಾಥ ದೇವಾಲಯವೆಂದು ಕರೆಯುವ ರಾಜಸಿಂಹೇಶ್ವರದ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಬಿಟ್ಟುಕೊಟ್ಟನು. ಆ ಸಂಗತಿಯನ್ನು ಸಾರುವ ಕನ್ನಡ ಶಾಸನವು ತಮಿಳು ನಾಡಿನ ನಡುವೆ ಆ ದೇವಾಲಯದ ಕಂಬವೊಂದರ ಮೇಲೆ ಇದೆ. ಗೆದ್ದವನು ಇಷ್ಟು ಸಂಯಮವನ್ನು ತೋರಿಸುವುದು ಚರಿತ್ರೆಯಲ್ಲಿ ಅಪರೂಪ. ಇದರಿಂದ ಯುದ್ಧಗಳು ನಿಂತುವೇ? ನಿಲ್ಲಲಿಲ್ಲ. ಅವನ ಮಗನಾದ ಕೀರ್ತಿವರ್ಮನೂ ಯುವರಾಜನಾಗಿದ್ದಾಗಲೇ ಪಲ್ಲವರ ಮೇಲೆ ದಂಡೆತ್ತಿ ಹೋದನು. ಅನತಿಕಾಲದಲ್ಲಿ, ಆಗ್ನೇಯದ ಹಗೆಯನ್ನೇ ನೋಡುತ್ತಿದ್ದ ಚಾಲುಕ್ಯರ ರಾಜ್ಯವನ್ನು ರಾಷ್ಟ್ರಕೂಟ ದಂತಿದುರ್ಗನು ಕಿತ್ತುಕೊಂಡನು. ಪೊರಿಗೆರೆಯಲ್ಲಿ ಎರಡು ಪಕ್ಷಗಳಿಗೂ ಕಟ್ಟಳೆ ಇತ್ತು. ಕಂಚಿಯಲ್ಲಿ ಒಬ್ಬನ ಔದಾರ್ಯವಿತ್ತು. ಔದಾರ್ಯವು ಗಾಯವನ್ನು ಆರಿಸಬಲ್ಲುದು. ನಾಳೆಯ ಜಗಳಕ್ಕೆ ನಿಯಮವನ್ನು ಮಾತ್ರ ಅದು ಕೊಡಲಾರದು.

ಅರಸರ ಜಗಳದಂತೆ ಮತಗಳ ಜಗಳವನ್ನೂ ಪುಲಿಗೆರೆಯು ಕಂಡಿತ್ತು. ಸೌರಾಷ್ಟ್ರದಿಂದ ಬಂದ ಆದಯ್ಯನು ಜೈನರೊಡನೆ ವಾದ ಹೂಡಿ ಸೋಮೇಶ್ವರನನ್ನು ಇಲ್ಲಿ ನೆಲೆಗೊಳಿಸಿದ ಕಥೆಯನ್ನು ಹರಿಹರನು ರಗಳೆಯಾಗಿ ರಚಿಸಿರುವನು. ಕಥೆಯಲ್ಲಿ ಒಂದು ಪಕ್ಷ ಗೆಲ್ಲುವುದು, ಇನ್ನೊಂದು ಅಳಿಯುವುದು. ಊರಿನಲ್ಲಾದರೋ ಹಾಗಾಗಲಿಲ್ಲ. ಸೋಮೇಶ್ವರ ದೇವಾಲಯವೂ ಉಳಿಯಿತು, ಶಂಖ ಬಸದಿಯೂ ಉಳಿಯಿತು. ಬಿಜಾಪುರದವರ ಕಾಲದಲ್ಲಿ ಜುಮ್ಮಾ ಮಸೀದಿಯೂ ಅವುಗಳ ನೆರೆಗೆ ಬಂದಿತು. ಇಂತಹ ಜಗಳಗಳನ್ನು ತೀರಿಸುವ ಕ್ರಮವು ಕನ್ನಡ ನಾಡಿನಲ್ಲಿ ಎಷ್ಟು ಬಲಿತಿತ್ತೆಂಬುದಕ್ಕೆ ಶ್ರವಣಬೆಳಗೊಳದಲ್ಲಿರುವ 1368ರ ಬುಕ್ಕರಾಯನ ಶಾಸನವು ಸಾಕ್ಷಿ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು, ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ದೊರೆಗೆ ಬಿನ್ನವಿಸಿದರು. ದೊರೆಯು ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕೂಡಿಸಿ, ಜೈನರ ಕೈಯನ್ನು ಅವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು.

ಮಾತು ಇಷ್ಟಕ್ಕೇ ನಿಂತಿದ್ದರೆ ಅದು ಕಂಚಿಯ ಔದಾರ್ಯದಂತೆಯೇ ಆಗುತ್ತಿತ್ತು. ಆದರೆ ಅಲ್ಲಿಂದ ಮುಂದೆ ವ್ಯವಸ್ಥೆಯು ಮೊದಲಾಗುವುದು. ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕವು. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣವನ್ನು ಎತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸಿ, ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಹಣವನ್ನು ಎತ್ತಿ ವೆಚ್ಚಮಾಡುವ ಹೊಣೆ ಯಾರದು? ತಿರುಮಲೆಯ ತಾತಯ್ಯನೆಂಬ ವೈಷ್ಣವನದು. ಶಾಸನದ ಪ್ರತಿಗಳನ್ನು ಬಸದಿಗಳಲ್ಲಿ ನಿಲ್ಲಿಸುವ ಹೊಣೆಯೂ ವೈಷ್ಣವರದೇ. ಯಾರ ಮೇಲೆ ದೂರು ಬಂದಿತ್ತೋ ಅವರನ್ನೇ ಕಾವಲುಗಾರರನ್ನಾಗಿ ಮಾಡಿದ ಜಾಣ್ಮೆಯನ್ನು ಇಲ್ಲಿ ಕಾಣಬಹುದು. ಶಿಕ್ಷೆಯಿಂದ ಕುಗ್ಗಿದವನು ಹಗೆ ಸಾಧಿಸುವನು. ಹೊಣೆಯನ್ನು ಹೊತ್ತವನು ತನ್ನ ಮಾನಕ್ಕಾದರೂ ಅಂಜಿ ನಡೆಯುವನು.

ಬರಹವಿಲ್ಲದೆ ಆಚಾರದಿಂದಲೇ ನಡೆದುಬಂದ ಸೌಹಾರ್ದಕ್ಕೆ ಲಕ್ಷ್ಮೇಶ್ವರದ ನೆರೆಯ ಶಿರಹಟ್ಟಿಯಲ್ಲಿ ಒಳ್ಳೆಯ ಉದಾಹರಣೆಯಿದೆ. ಅಲ್ಲಿಯ ಫಕೀರೇಶ್ವರ ಮಠದ ಪರಂಪರೆಯು ಬಿಜಾಪುರದ ಸೂಫಿ ಸಂತ ಖ್ವಾಜಾ ಅಮೀನುದ್ದೀನರ ಹೆಸರನ್ನು ಭಕ್ತಿಯಿಂದ ನೆನೆಯುವುದು. ಮಠದ ಗುರುಗಳ ಹೆಸರಿನಲ್ಲಿಯೇ ಫಕೀರ ಎಂಬ ಮಾತು ಸೇರಿಕೊಂಡಿದೆ. ಹಿಂದೂಗಳೂ ಮುಸಲ್ಮಾನರೂ ಅದಕ್ಕೆ ನಡೆದುಕೊಳ್ಳುವರು. ದ್ವೇಷ ಬಿಡು, ಪ್ರೀತಿ ಮಾಡು ಎಂಬುದು ಆ ಮಠದ ಉಪದೇಶ. ಜಗಳವು ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತುವ ಮೊದಲೇ ಮನಸ್ಸಿನಲ್ಲಿ ಮಣಿಯುವಂತೆ ಮಾಡುವ ಶಕ್ತಿ ಇಂತಹ ನೆಲೆಗಳಿಗೆ ಉಂಟು. ಯಾವ ಸರ್ಕಾರದ ಕಟ್ಟಳೆಯೂ ಈ ಕೆಲಸವನ್ನು ಮಾಡಲಾರದು.

ವ್ಯವಸ್ಥೆಯುಂಟು, ಆದರೆ ಅದು ಜನರ ಆಚಾರವನ್ನು ತುಳಿದುಕೊಂಡು ಬರುವುದು. ಆಗ ಏನಾಗುವುದೆಂಬುದನ್ನು ಮುಂಡರಗಿಯು 1858ರಲ್ಲಿ ಕಂಡಿತು. ಕಂಪನಿ ಸರ್ಕಾರದ ಬಳಿ ಬರಹದ ಕಾನೂನುಗಳಿಗೆ ಕೊರತೆಯಿರಲಿಲ್ಲ. 1852ರ ಕಾಯಿದೆಯ ಬಲದಿಂದ ಇನಾಮು ಕಮಿಷನ್ನಿನವರು ದಕ್ಷಿಣ ಮರಾಠಾ ಸೀಮೆಯ ಇನಾಮುದಾರರನ್ನೆಲ್ಲ ಕರೆದು ಸನದು ತೋರಿಸಿರೆಂದರು. ಸನದು ಇಲ್ಲದವರ, ಇದ್ದೂ ಒಪ್ಪಿಗೆಯಾಗದವರ ಭೂಮಿಗಳು ಕೈಬಿಟ್ಟುವು. ಪೊರಿಗೆರೆಯ ಕಲ್ಲು ಬಹುಕಾಲದ ಭುಕ್ತಿಯನ್ನು ಕಾಪಾಡಿರೆಂದು ಹೇಳಿ ಸಾವಿರದ ನೂರು ವರ್ಷಗಳ ಮೇಲೆ ಕಳೆದಿತ್ತು. ಅದೇ ಸೀಮೆಯಲ್ಲಿ ಭುಕ್ತಿಗೆ ಈಗ ಬೆಲೆಯಿಲ್ಲದಂತಾಯಿತು. ನರಗುಂದದ ಬಾಬಾಸಾಹೇಬ ಭಾಸ್ಕರರಾಯ ಭಾವೆಯವರಿಗೆ ದತ್ತು ತೆಗೆದುಕೊಳ್ಳಲು ಸರ್ಕಾರ ಅಪ್ಪಣೆ ಕೊಡಲಿಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಹೊರಟಿತು. ಹಲಗಲಿಯ ಬೇಡರು ಅದಕ್ಕಾಗಿ ಎದ್ದು ನಾಶವಾದರು.

ಮುಂಡರಗಿಯ ಭೀಮರಾಯರು ಒಂದು ಕಾಲಕ್ಕೆ ಕಂಪನಿಯ ಕಂದಾಯದ ನೌಕರಿಯಲ್ಲಿಯೇ ಇದ್ದವರು; ಆ ಆಡಳಿತವನ್ನು ಒಳಗಿನಿಂದ ಬಲ್ಲವರು. 1858ರ ಮೇ ತಿಂಗಳಿನಲ್ಲಿ ಹಮ್ಮಿಗಿಯ ಕೆಂಚನಗೌಡರೊಡನೆ ಕೂಡಿ ಅವರು ದಂಗೆಯೆದ್ದರು. ಡಂಬಳದ ಖಜಾನೆಯನ್ನು ವಶಪಡಿಸಿಕೊಂಡರು. ಕೊಪ್ಪಳದ ಕೋಟೆಯನ್ನು ಹಿಡಿದರು. ಅದೇ ದಿನಗಳಲ್ಲಿ ರಾಜಕೀಯ ಏಜೆಂಟನಾದ ಮ್ಯಾನ್ಸನ್ನನು ಸುರೇಬಾನದಲ್ಲಿ ನರಗುಂದದವರ ಕೈಯಲ್ಲಿ ಹತನಾದನು. ಜೂನ್ ತಿಂಗಳು ಕಳೆಯುವುದರೊಳಗೆ ಎಲ್ಲವೂ ಮುಗಿದುಹೋಯಿತು. ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಕಾದಿ ಮಡಿದರು, ನರಗುಂದವು ಬಿದ್ದಿತು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಈ ವೀರರನ್ನು ನಾವು ಗೌರವದಿಂದ ನೆನೆಯುತ್ತೇವೆ, ನೆನೆಯತಕ್ಕದ್ದೇ. ಆದರೆ ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ದೂರು ಹೇಳಿಕೊಳ್ಳಲು ಒಂದು ಸಭೆ, ಎರಡು ಪಕ್ಷಗಳೂ ಒಪ್ಪುವ ಒಬ್ಬ ಸಾಕ್ಷಿ, ಬಲಿಷ್ಠನ ಕೈಯನ್ನೂ ಕಟ್ಟುವ ಒಂದು ಬರಹ ಇವುಗಳಲ್ಲಿ ಒಂದಾದರೂ ಇದ್ದಿದ್ದರೆ ಕತ್ತಿಯು ಒರೆಯಲ್ಲಿಯೇ ಉಳಿಯುವ ಸಂಭವವಿತ್ತು.

ಮುಂಡರಗಿಯ ದಂಗೆಯಾಗಿ ಐವತ್ತು ವರ್ಷ ತುಂಬುವ ಮೊದಲೇ, ಅದೇ ಸೀಮೆಯಲ್ಲಿ, ಇನ್ನೊಂದು ಹಳೆಯ ಕಲಹಕ್ಕೆ ಬೇರೆ ಬಗೆಯ ಪರಿಹಾರವು ದೊರೆಯಿತು. ಅದು ಸಾಲಗಾರನಿಗೂ ಸಾಹುಕಾರನಿಗೂ ಇದ್ದ ಕಲಹ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಲೆಕ್ಕದ ಪುಸ್ತಕಗಳನ್ನು ಸುಟ್ಟುಹಾಕಿದ್ದರು. ಪುಸ್ತಕ ಸುಟ್ಟರೂ ಸಾಲದ ಅವಶ್ಯಕತೆ ಸುಡಲಿಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾನೂನು ಆದ ಮರುವರ್ಷವೇ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಪತ್ತಿನ ಸಂಘವನ್ನು ಕಟ್ಟಿದರು. ದೇಶದ ಮೊಟ್ಟಮೊದಲನೆಯ ಕೃಷಿಪತ್ತಿನ ಸಹಕಾರ ಸಂಘವೆಂಬ ಹೆಸರು ಅದಕ್ಕಿದೆ. ಊರವರ ಹಣ, ಊರವರ ಸಾಲ, ಊರವರ ಲೆಕ್ಕ. ಬಡ್ಡಿಯ ದರವೂ ತೀರಿಸುವ ಕಾಲವೂ ಮೊದಲೇ ಗೊತ್ತು. ಪೊರಿಗೆರೆಯ ಶ್ರೇಣಿಯ ಹಳೆಯ ನೀತಿಯು ಹೊಸ ವೇಷದಲ್ಲಿ ಬಂದಂತಾಯಿತು.

ಇಪ್ಪತ್ತನೆಯ ಶತಮಾನದ ನಡುವೆ ಮುಂಡರಗಿಯ ಗಡಿಯು ಮತ್ತೊಮ್ಮೆ ಕಾದ ಕಬ್ಬಿಣವಾಯಿತು. 1947ರ ಆಗಸ್ಟಿನಲ್ಲಿ ಭಾರತ ಸ್ವತಂತ್ರವಾದಾಗ ನಿಜಾಮರು ಸೇರದೆ ನಿಂತರು. ನವೆಂಬರ್ 29ರಂದು ಎರಡು ಸರ್ಕಾರಗಳ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಬರಹವೇನೋ ಆಯಿತು; ಅದನ್ನು ಪಾಲಿಸುವ ಮನಸ್ಸು ಇರಲಿಲ್ಲ. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಬೀಳತೊಡಗಿದರು. ಗಡಿಯ ಈಚೆಗೆ ಮುಂಡರಗಿಯಲ್ಲಿ ಹೋರಾಟಗಾರರು ಶಿಬಿರ ಹೂಡಿದರು. ಅಳವಂಡಿಯ ಶಿವಮೂರ್ತಿಸ್ವಾಮಿಯವರು ಅದರ ಮುಖಂಡರು. ಒಪ್ಪಂದವನ್ನು ಮುರಿದವರು ನೀವೇ ಎಂದು ಎರಡು ಸರ್ಕಾರಗಳೂ ಒಂದನ್ನೊಂದು ದೂರಿದುವು. 1948ರ ಆಗಸ್ಟಿನಲ್ಲಿ ಹೈದರಾಬಾದು ವಿಶ್ವಸಂಸ್ಥೆಯ ಭದ್ರತಾ ಸಮಿತಿಗೆ ಮೊರೆಯಿಟ್ಟಿತು. ಸಮಿತಿಯು ಅದನ್ನು ಸೆಪ್ಟೆಂಬರ್ 16ರಂದು ಕೈಗೆತ್ತಿಕೊಳ್ಳುವ ವೇಳೆಗೆ ಭಾರತದ ಸೈನ್ಯವು ಒಳಹೊಕ್ಕು ಮೂರು ದಿನಗಳಾಗಿದ್ದುವು; 17ರಂದು ನಿಜಾಮರು ಶರಣಾದರು.

ಗಡಿಯ ಜನ ನಿಟ್ಟುಸಿರು ಬಿಟ್ಟರು. ಆದರೆ ಸೈನ್ಯದ ಗೆಲವಿನೊಡನೆ ಕಲಹವು ಮುಗಿಯಲಿಲ್ಲ. ರಜಾಕಾರರ ಪಾಪಕ್ಕಾಗಿ ನಿರಪರಾಧಿಗಳಾದ ಅನೇಕ ಮುಸಲ್ಮಾನರು ಹೈದರಾಬಾದು ಸಂಸ್ಥಾನದ ಹಳ್ಳಿಗಳಲ್ಲಿ ಬಲಿಯಾದರು. ಪ್ರಧಾನಿ ನೆಹರೂ ಅವರ ಸೂಚನೆಯಂತೆ ಹೋಗಿ ವಿಚಾರಿಸಿದ ಪಂಡಿತ ಸುಂದರಲಾಲರ ಸಮಿತಿಯು, ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜುಮಾಡಿತು. ಗುಲ್ಬರ್ಗ, ಬೀದರ ಜಿಲ್ಲೆಗಳು ಹೆಚ್ಚು ನೊಂದವುಗಳ ಪಟ್ಟಿಯಲ್ಲಿದ್ದುವು. ಆ ವರದಿಯು ದಶಕಗಳ ಕಾಲ ಬೆಳಕು ಕಾಣಲಿಲ್ಲ. ಪೊರಿಗೆರೆಯಲ್ಲಿ ಕಟ್ಟಳೆಯನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ನಿಲ್ಲಿಸಿದರು; ಇಲ್ಲಿ ನೋವಿನ ಲೆಕ್ಕವನ್ನು ಯಾರೂ ಓದದಂತೆ ಮುಚ್ಚಿಟ್ಟರು. ಮುಚ್ಚಿಟ್ಟ ನೋವು ಮುಂದಿನ ತಲೆಮಾರಿಗೆ ಹಗೆಯಾಗಿ ಇಳಿದು ಬರುವ ಅಪಾಯವುಂಟು.

ಇದೇ ವರ್ಷಗಳಲ್ಲಿ ಈ ಸೀಮೆಯ ಒಳಗಿನ ಗಡಿಗಳು ಮಾತ್ರ ರಕ್ತವಿಲ್ಲದೆ ಅಳಿದುವು. 1948ರ ಮಾರ್ಚ್ 8ರಂದು ಸಾಂಗಲಿ, ಮಿರಜ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದುವು; ಶಿರಹಟ್ಟಿಯೂ ಲಕ್ಷ್ಮೇಶ್ವರವೂ ಗದಗ, ಮುಂಡರಗಿಗಳೊಡನೆ ಒಂದೇ ಆಳಿಕೆಗೆ ಬಂದುವು. 1956ರ ನವೆಂಬರ್ 1ರಂದು ಎಲ್ಲವೂ ಮೈಸೂರು ರಾಜ್ಯವನ್ನು ಸೇರಿದುವು. ಅದರೊಡನೆಯೇ ಮುಂಡರಗಿಗೂ ಕೊಪ್ಪಳಕ್ಕೂ ನಡುವಿದ್ದ ಹಳೆಯ ಗಡಿಯೂ ಅಳಿಯಿತು. ಆಯೋಗ ಕುಳಿತಿತು, ಜನರ ಮನವಿಗಳನ್ನು ಓದಿತು, ವರದಿ ಕೊಟ್ಟಿತು, ಸಂಸತ್ತು ಕಾನೂನು ಮಾಡಿತು. ನಿಧಾನವಾದ ಈ ದಾರಿಯಲ್ಲಿ ಬೇಸರವುಂಟು. ಆದರೆ ಅದರಿಂದ ಯಾವ ಮನೆಯೂ ಸುಡಲಿಲ್ಲ.

ಕಲಹಗಳು ಅಲ್ಲಿಗೇ ತೀರಲಿಲ್ಲ. ಗದಗ ಜಿಲ್ಲೆಯ ನರಗುಂದದಲ್ಲಿ ಮಹದಾಯಿಯ ನೀರಿಗಾಗಿ 2015ರಿಂದ ರೈತರು ವರ್ಷಗಟ್ಟಲೆ ಧರಣಿ ಕುಳಿತರು. ನ್ಯಾಯಮಂಡಲಿಯು 2018ರಲ್ಲಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರನ್ನು ಹಂಚಿ ತೀರ್ಪಿತ್ತಿತು. ಆ ತೀರ್ಪಿನ ಮೇಲೂ ರಾಜ್ಯಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದುವು. ಹಂಚಿಕೆಯ ಅಂಕಿಯನ್ನು ನ್ಯಾಯಮಂಡಲಿ ಕೊಡಬಲ್ಲುದು. ನೆರೆಯವನಿಗೂ ಬಾಯಾರಿಕೆಯುಂಟೆಂಬ ಅರಿವನ್ನು ಯಾವ ಮಂಡಲಿಯೂ ಕೊಡಲಾರದು. ಅದು ಆಚಾರದಿಂದ ಬರಬೇಕಾದುದು. ಹಾಗೆಯೇ ನೆರೆಯವನ ಒಳ್ಳೆಯತನವೊಂದನ್ನೇ ನಂಬಿ ಕುಳಿತರೆ ನಾಲೆಯಲ್ಲಿ ನೀರು ಬಾರದು. ಅದಕ್ಕೆ ವ್ಯವಸ್ಥೆ ಬೇಕು.

ಎರಡು ದೇಶಗಳಿರಲಿ, ಎರಡು ಮತಗಳಿರಲಿ, ಎರಡು ಓಣಿಗಳಿರಲಿ, ಜಗಳವು ತಲೆದೋರಿದಾಗ ಪೊರಿಗೆರೆಯವರು ಗೊತ್ತುಮಾಡಿಕೊಂಡ ಕೆಲವು ವಿಷಯಗಳನ್ನು ಕೇಳಿನೋಡಬಹುದು. ಯಾರು ಯಾರಿಗೆ ಏನನ್ನು ಸಲ್ಲಿಸಬೇಕು? ಎಷ್ಟು, ಯಾವ ಮಾಸದಲ್ಲಿ? ಬಡವನ ಪಾಲು ಅವನ ಶಕ್ತಿಗೆ ತಕ್ಕುದೆ? ಬಲಿಷ್ಠನ ಕೈಗೂ ಕಟ್ಟುಂಟೆ? ಬರೆದುದನ್ನು ಎಲ್ಲರೂ ಓದಬಲ್ಲರೆ? ಇವುಗಳಿಗೆ ಉತ್ತರ ದೊರೆತ ಒಪ್ಪಂದವು ಬಾಳುವುದು. ದೊರೆಯದ ಒಪ್ಪಂದವನ್ನು ಎಷ್ಟು ಹಾರತುರಾಯಿಗಳ ನಡುವೆ ಸಹಿಮಾಡಿದರೂ ಅದು ಮುಂದಿನ ಜಗಳದವರೆಗಿನ ಬಿಡುವು ಮಾತ್ರ.